ಹದಿನೇಳು ತಪ್ಪು ಒಪ್ಪಿಕೊಂಡ ಬ್ಯಾಂಕು

ಮೂವತ್ತೊಂದನೆಯ ಪ್ರಶ್ನೆಯನ್ನು ಬರೆದವಳು ನಾನೇ. ‘ಕಳೆದ ಮೂರು ವರ್ಷಗಳಲ್ಲಿ ನಿಮ್ಮ ಬ್ಯಾಂಕಿನೊಳಗೆ ಪತ್ತೆಯಾದ ನಿಯಮ ಉಲ್ಲಂಘನೆಗಳು ಎಷ್ಟು? ವಿವರ ಕೊಡಿ.’ ಬರೆದು ಮುಗಿಸಿದಾಗ ಎಷ್ಟು ಚೊಕ್ಕವಾಗಿ ಬಂದಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಈಗ ಅದನ್ನು ನೆನೆಸಿಕೊಂಡರೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ನಮ್ಮ ಆಫೀಸು ಜಪಾನಿನಲ್ಲಿ, ಶಿನಾಗಾವಾದ ಕಟ್ಟಡವೊಂದರ ಹದಿನಾಲ್ಕನೆಯ ಮಹಡಿಯಲ್ಲಿದೆ. ಕೆಲಸ ಕೊಟ್ಟದ್ದು ಒಂದು ಜಪಾನೀ ನಿಧಿ. ಆಫ್ರಿಕಾದ ಬೆಳೆಯುತ್ತಿರುವ ದೇಶಗಳಲ್ಲಿ, ದೊಡ್ಡ ಬ್ಯಾಂಕುಗಳು ಕಾಲಿಡದ ಊರುಗಳಲ್ಲಿ ನಡೆಯುವ ಸಣ್ಣ ಬ್ಯಾಂಕುಗಳಿಗೆ ಅದು ಕಡಿಮೆ ಬಡ್ಡಿಗೆ ಬಂಡವಾಳ ಕೊಡುತ್ತದೆ. ಅರ್ಜಿ ಹಾಕಿದ್ದ ಬ್ಯಾಂಕುಗಳು ಹನ್ನೊಂದು, ಆಯ್ಕೆಯಾಗಬೇಕಾದವು ನಾಲ್ಕು. ಲಾಭನಷ್ಟದ ಲೆಕ್ಕವನ್ನು ನಿಧಿಯವರೇ ನೋಡಿಕೊಂಡಿದ್ದರು. ನಮ್ಮ ಪಾಲಿಗೆ ಬಂದದ್ದು ಸಂಸ್ಥೆಯ ಗುಣಮಟ್ಟ. ಆಡಳಿತ ಮಂಡಳಿ ಸರಿಯಾಗಿ ಸಭೆ ಸೇರುತ್ತದೆಯೇ, ಸಾಲ ಮಂಜೂರಾಗುವ ಮುನ್ನ ಎರಡನೆಯವರ ಸಹಿ ಬೇಕೇ, ತಪ್ಪು ಮಾಡಿದ ಮ್ಯಾನೇಜರನ್ನು ಕೇಳುವವರು ಯಾರಾದರೂ ಇದ್ದಾರೆಯೇ, ಇಂಥವು. ಇದನ್ನೆಲ್ಲ ನಲವತ್ತಾರು ಪ್ರಶ್ನೆಗಳಲ್ಲಿ ಕೇಳಿ, ಬಂದ ಉತ್ತರವನ್ನು ನೂರಕ್ಕೆ ಇಷ್ಟು ಎಂಬ ಅಂಕವಾಗಿಸುವ ಸೂತ್ರ ಕಟ್ಟುವುದು ನನ್ನ ಕೆಲಸ. ಆ ಉತ್ತರಗಳನ್ನು ಹಸನು ಮಾಡಿ ಕಂಪ್ಯೂಟರಿಗೆ ಉಣಿಸುವ ಪ್ರೋಗ್ರಾಮು ಪಕ್ಕದ ಮೇಜಿನ ಸಹೋದ್ಯೋಗಿಯದು. ಅವನು ಬೆಂಗಳೂರಿನವನು, ನಾನು ಮೈಸೂರಿನವಳು. ಇಡೀ ಮಹಡಿಯಲ್ಲಿ ಕನ್ನಡ ಕೇಳಿಸುತ್ತಿದ್ದದ್ದು ನಮ್ಮಿಬ್ಬರ ಮೇಜುಗಳ ನಡುವೆ ಮಾತ್ರ.

ಪ್ರತಿ ಬ್ಯಾಂಕಿನವರ ಜೊತೆಗೂ ಪ್ರಶ್ನೆಗಳನ್ನು ವಿವರಿಸಲು ಒಂದು ವಿಡಿಯೊ ಕರೆ ಇರುತ್ತಿತ್ತು. ಅವುಗಳಲ್ಲೊಂದು ಬ್ಯಾಂಕಿನ ಅಧಿಕಾರಿಣಿಯೊಬ್ಬರನ್ನು ನಾನು ಮೊದಲು ಕಂಡದ್ದು ಹಾಗೆ. ನಮಗೆ ಮಧ್ಯಾಹ್ನ ಮೂರು ಗಂಟೆ, ಅವರಿಗೆ ಬೆಳಿಗ್ಗೆ ಒಂಬತ್ತು. ಪೂರ್ವ ಆಫ್ರಿಕಾದ ಒಂದು ದೊಡ್ಡ ಸರೋವರದ ದಡದ ಊರು ಅವರದು. ಮೀನು ಒಣಗಿಸಿ ಮಾರುವ ಹೆಂಗಸರೇ ಬ್ಯಾಂಕಿನ ಹೆಚ್ಚಿನ ಗ್ರಾಹಕರು. ನಿಧಿಯ ಹಣ ಸಿಕ್ಕರೆ ಆಚೆ ದಡದಲ್ಲಿ, ಇವತ್ತಿಗೂ ಬ್ಯಾಂಕೇ ಇಲ್ಲದ ಎರಡು ಊರುಗಳಲ್ಲಿ ಶಾಖೆ ತೆರೆಯಬೇಕೆಂದಿದ್ದರು. ಬ್ಯಾಂಕಿನಲ್ಲಿ ಎಲ್ಲರೂ ನಿಯಮದಂತೆ ನಡೆಯುತ್ತಿದ್ದಾರೆಯೇ ಎಂದು ನೋಡಿಕೊಳ್ಳುವುದು ಇವರ ಹುದ್ದೆ. ಐವತ್ತರ ಆಸುಪಾಸಿನ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಮಾತಾಡಿದ್ದು ಇಂಗ್ಲಿಷಿನಲ್ಲಿ, ಅದನ್ನಿಲ್ಲಿ ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

“ಮೂವತ್ತೊಂದನೆಯದರ ಬಗ್ಗೆ ಕೇಳಬೇಕಿತ್ತು,” ಎಂದರು. “ಪತ್ತೆಯಾದದ್ದು ಎಂದರೆ ಎಲ್ಲವನ್ನೂ ಬರೆಯಬೇಕೆ?”

ಹಾಗೆನ್ನುತ್ತಾ ಹಸಿರು ರಟ್ಟಿನ ದಪ್ಪ ಪುಸ್ತಕವೊಂದನ್ನು ಎತ್ತಿ ಕ್ಯಾಮರಾಕ್ಕೆ ಹಿಡಿದರು. ಆರು ವರ್ಷದ ಹಿಂದೆ ಅವರೇ ಶುರು ಮಾಡಿದ್ದಂತೆ. ಪ್ರತಿ ಶಾಖೆಯಲ್ಲೂ ಅಂಥದೊಂದು ಪುಸ್ತಕ. ಕಸ ಗುಡಿಸುವವರಿಂದ ಹಿಡಿದು ಮ್ಯಾನೇಜರ್‌ವರೆಗೆ ಯಾರು ತಪ್ಪು ಕಂಡರೂ ಅದರಲ್ಲಿ ಬರೆಯಬಹುದು, ಬರೆದವರಿಗೆ ಯಾರೂ ತೊಂದರೆ ಕೊಡುವಂತಿಲ್ಲ. ಮೊದಲ ವರ್ಷ ಒಂದು ಹುಳವೂ ಅದನ್ನು ಮುಟ್ಟಲಿಲ್ಲ ಎಂದು ನಕ್ಕರು. ಎರಡನೆಯ ವರ್ಷ ಟೈಪಿಸ್ಟ್ ಒಬ್ಬಳು ಧೈರ್ಯ ಮಾಡಿ ತನ್ನ ಮ್ಯಾನೇಜರನ ಮೇಲೆ ಬರೆದಳು, ಅವಳ ಕೆಲಸ ಹೋಗಲಿಲ್ಲ, ಅಲ್ಲಿಂದ ಪುಟಗಳು ತುಂಬತೊಡಗಿದವು.

“ಇದನ್ನು ಹೊರಗಿನವರಿಗೆ ತೋರಿಸುವುದು ನಮ್ಮ ನಿರ್ದೇಶಕರಿಗೆ ಇಷ್ಟವಿಲ್ಲ. ಮನೆಯ ಮಾತು ಬೀದಿಗೆ ಯಾಕೆ ಅನ್ನುತ್ತಾರೆ. ಅದಕ್ಕೇ ನಿಮ್ಮನ್ನೇ ಕೇಳೋಣ ಅಂದುಕೊಂಡೆ.”

“ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ,” ಎಂದೆ. “ಮುಚ್ಚಿಡದ ಬ್ಯಾಂಕು ಯಾವುದು ಅನ್ನುವುದು ಅಂಕ ಹಾಕುವ ನಮ್ಮ ಸೂತ್ರಕ್ಕೆ ಗೊತ್ತಾಗುತ್ತದೆ. ನಿಮಗೆ ಅನುಕೂಲವೇ ಆಗುತ್ತದೆ.”

“ಹಾಗಾದರೆ ಜಗಳ ಆಡಿಯಾದರೂ ಬರೆಸುತ್ತೇನೆ. ಸೋತರೆ ನಿಮ್ಮ ಹೆಸರು ಹೇಳುತ್ತೇನೆ.”

ಇಬ್ಬರೂ ನಕ್ಕೆವು. ನಾನು ಆ ಮಾತು ಕೊಟ್ಟಾಗ ಸೂತ್ರದ ಒಂದು ಸಾಲನ್ನೂ ಬರೆದಿರಲಿಲ್ಲ. ಎದುರಿಗಿದ್ದವರು ಒಳ್ಳೆಯವರಾಗಿ ಕಂಡರು, ಅವರಿಗೆ ಹಿತವಾಗುವ ಮಾತು ಬಾಯಿಗೆ ಬಂತು, ಆಡಿಬಿಟ್ಟೆ.

ಅವರು ಜಗಳದಲ್ಲಿ ಗೆದ್ದರು. ಮೂರು ವಾರಗಳ ನಂತರ ಬಂದ ಉತ್ತರದಲ್ಲಿ ಮೂವತ್ತೊಂದನೆಯ ಪ್ರಶ್ನೆಯ ಎದುರು ‘ಹದಿನೇಳು’ ಎಂದಿತ್ತು. ಒಂದೊಂದಕ್ಕೂ ಒಂದು ಪುಟ. ಮೈದುನನ ಸಾಲದ ಅರ್ಜಿಯನ್ನು ಸಮಿತಿಯ ಮುಂದಿಡದೆ ಮಂಜೂರು ಮಾಡಿದ ಮ್ಯಾನೇಜರು, ಸತ್ತವರ ಹೆಸರಿನಲ್ಲಿ ಹೆಬ್ಬೆಟ್ಟು ಒತ್ತಿಸಿದ ಏಜೆಂಟ್, ಯಾರು ಹೇಗೆ ಕಂಡುಹಿಡಿದರು, ಮೇಲಿನವರು ಎಷ್ಟು ದಿನದಲ್ಲಿ ಏನು ಕ್ರಮ ಕೈಗೊಂಡರು, ಎಲ್ಲವೂ ಇತ್ತು. ಹದಿನೇಳನೆಯದು ಆ ಅಧಿಕಾರಿಣಿಯದೇ. ಒಂದು ಶಾಖೆಯ ತಪಾಸಣೆಯನ್ನು ಮರೆತು ಮುಂದಕ್ಕೆ ಹಾಕಿದ್ದಕ್ಕೆ ತಮ್ಮ ಮೇಲೆ ತಾವೇ ಬರೆದುಕೊಂಡಿದ್ದರು. ಓದಿ ಖುಷಿಪಟ್ಟೆ. ಸಹೋದ್ಯೋಗಿಗೂ ತೋರಿಸಿದೆ. “ಇವ್ರು ನಮ್ ಆಫೀಸಿಗ್ ಬಂದ್ರೆ ಅರ್ಧ ಜನ ರಿಸೈನ್ ಮಾಡ್ಬೇಕಾಗತ್ತೆ ಮೇಡಂ-ಸಾನ್,” ಎಂದ, ಜಪಾನೀ ಗೌರವದ ಬಾಲವನ್ನೂ ಅಂಟಿಸಿ. ಕೆಲವು ಬ್ಯಾಂಕುಗಳು ಅದೇ ಪ್ರಶ್ನೆಗೆ ಸೊನ್ನೆ ಎಂದು ಬರೆದಿದ್ದವು. ಒಂದು ಬ್ಯಾಂಕು ಜಾಗವನ್ನು ಖಾಲಿಯೇ ಬಿಟ್ಟಿತ್ತು.

ಯಾವ ಉತ್ತರಕ್ಕೆ ಎಷ್ಟು ಅಂಕವೆಂದು ತೂಕ ಹಾಕಲು ಕೂತದ್ದು ಅದಾದ ಹತ್ತು ದಿನಕ್ಕೆ. ಅಷ್ಟರಲ್ಲಿ ಪ್ರಶ್ನೆಗಳು ನನ್ನ ಕಣ್ಣಿಗೆ ಪ್ರಶ್ನೆಗಳಾಗಿ ಉಳಿದಿರಲಿಲ್ಲ, ಅಂಕಣಗಳಾಗಿದ್ದವು. ಮೂವತ್ತೊಂದನೆಯ ಅಂಕಣಕ್ಕೆ ಬಂದಾಗ ‘ಉಲ್ಲಂಘನೆ ಹೆಚ್ಚಿದಷ್ಟೂ ಅಂಕ ಕಡಿಮೆ’ ಎಂದು ಹಾಕಿ ಮುಂದಕ್ಕೆ ಹೋದೆ. ಅರ್ಧ ನಿಮಿಷವೂ ಹಿಡಿದಿರಲಾರದು.

“ಬ್ಲ್ಯಾಂಕ್ ಇರೋದಕ್ಕೆ ಏನ್ ಮಾಡ್ಲಿ? ಜೀರೋ ಹಾಕ್ಬಿಡ್ಲಾ?” ಎಂದು ಪಕ್ಕದಿಂದ ಸಹೋದ್ಯೋಗಿ ಕೇಳಿದ.

“ಹಾಕು,” ಎಂದೆ.

ಹೀಗೆ ಉತ್ತರವನ್ನೇ ಕೊಡದ ಬ್ಯಾಂಕಿಗೆ ಆ ಪ್ರಶ್ನೆಯಲ್ಲಿ ಪೂರ್ತಿ ಅಂಕ ಬಂತು. ಪಕ್ಷಪಾತ ನುಸುಳಬಾರದೆಂದು ಬ್ಯಾಂಕುಗಳ ಹೆಸರು ತೆಗೆದು ಒಂದರಿಂದ ಹನ್ನೊಂದರ ಸಂಖ್ಯೆ ಕೊಡಿಸಿದ್ದೆ. ಅದೂ ನನ್ನದೇ ಜಂಬ. ಹೆಸರಿನ ಪಟ್ಟಿ ಬೀಗ ಹಾಕಿದ ಕಡತದಲ್ಲಿತ್ತು. ಅಂತಿಮ ಕೋಷ್ಟಕದಲ್ಲಿ ಏಳನೆಯ ಸಂಖ್ಯೆಯ ಬ್ಯಾಂಕು ಒಂಬತ್ತನೆಯ ಸ್ಥಾನದಲ್ಲಿತ್ತು. ಯಾರಿದು ಎಂದು ಕೇಳಬೇಕೆಂದು ನನಗೆ ಅನ್ನಿಸಲೇ ಇಲ್ಲ.

ಇಲ್ಲಿನ ಆಫೀಸುಗಳಲ್ಲಿ ಸಭೆಯೆಂಬುದು ಚರ್ಚೆ ಮಾಡುವ ಜಾಗವಲ್ಲ. ಅದಕ್ಕೆ ಮುಂಚೆಯೇ ಸಂಬಂಧಪಟ್ಟವರ ಮೇಜಿಗೆ ಒಬ್ಬೊಬ್ಬರಂತೆ ಹೋಗಿ, ಕಾಗದ ತೋರಿಸಿ, ಅವರ ಅನುಮಾನ ಬಗೆಹರಿಸಿ ಒಪ್ಪಿಗೆ ಪಡೆದಿರಬೇಕು. ನೆಮವಾಶಿ ಅನ್ನುತ್ತಾರೆ, ಗಿಡ ಕಿತ್ತು ನೆಡುವ ಮುನ್ನ ಬೇರಿನ ಸುತ್ತ ಮಣ್ಣು ಸಡಿಲಿಸುವ ಕೆಲಸದ ಹೆಸರದು. ನಾನು ಐದು ಜನರ ಬಳಿ ಹೋಗಿ ಬಂದೆ. ಐವರೂ ತಲೆ ಆಡಿಸಿದರು. ಕೊನೆಯವರು ನಮ್ಮ ವಿಭಾಗದ ಮುಖ್ಯಸ್ಥರು. ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಹುದ್ದೆಯ ಹೆಸರಾದ ‘ಬುಚೋ’ ಎಂದೇ ಕರೆಯುವುದು. ಅವರು ಕೋಷ್ಟಕವನ್ನು ಮೇಲಿಂದ ಕೆಳಗೆ ನೋಡಿ, “ತುಂಬ ಅಚ್ಚುಕಟ್ಟು,” ಎಂದರು. ಅವರ ಬಾಯಿಂದ ಅಂಥ ಮಾತು ಬರುವುದು ಅಪರೂಪ. ನಾನು ಆ ದಿನ ನೆಲದಿಂದ ಒಂದು ಗೇಣು ಮೇಲೇ ಓಡಾಡಿದೆ.

ಸಭೆಯ ಹಿಂದಿನ ದಿನ ತಿಂಗಳ ಕೊನೆಯ ಶುಕ್ರವಾರ. ಆ ದಿನ ಎಲ್ಲರೂ ‘ಹಿಯಾರಿ-ಹತ್ತೋ’ ಚೀಟಿ ಕೊಡಬೇಕು. ಬೆಚ್ಚಿಬಿದ್ದೆ, ಸದ್ಯ ತಪ್ಪಿತು ಎನ್ನುವ ಅರ್ಥದ ಮಾತು. ಈ ತಿಂಗಳಲ್ಲಿ ನಿಮ್ಮ ಕೈಯಿಂದ ಆಗಿಬಿಡಬಹುದಾಗಿದ್ದ ಅಥವಾ ಆಗಿಯೇ ಹೋದ ತಪ್ಪೊಂದನ್ನು ಬರೆಯಿರಿ, ಶಿಕ್ಷೆಯಿಲ್ಲ, ಉಳಿದವರು ಕಲಿಯಲಿ ಎಂಬುದು ಅದರ ಉದ್ದೇಶ. ಕಾರ್ಖಾನೆಗಳಲ್ಲಿ ಜೀವ ಉಳಿಸುವ ಪದ್ಧತಿ ಇದು. ನಮ್ಮಂಥವರಿಗೆ ಮಾತ್ರ ತಿಂಗಳಿಗೊಂದು ತಲೆನೋವು, ಏನಾದರೊಂದು ಹೊಸೆದು ಕೊಡುತ್ತಿದ್ದೆವು.

ಆ ಮಧ್ಯಾಹ್ನ ಬುಚೋ ಪಕ್ಕದ ತಂಡದ ಬಳಿ ನಿಂತಿದ್ದರು. ಆ ತಂಡದಿಂದ ಒಂದೂ ಚೀಟಿ ಬಂದಿರಲಿಲ್ಲ.

“ನಾವು ತಪ್ಪೇ ಮಾಡಿಲ್ಲ,” ಎಂದು ತಂಡದ ನಾಯಕ ಹೇಳಿದ್ದು ಕೇಳಿಸಿತು.

“ಸೊನ್ನೆ ಎಂದರೆ ತಪ್ಪಾಗಿಲ್ಲ ಎಂದಲ್ಲ,” ಎಂದರು ಬುಚೋ, ದನಿಯೇರಿಸದೆ. “ನೀವು ನೋಡುತ್ತಿಲ್ಲ, ಇಲ್ಲವೇ ಹೇಳುತ್ತಿಲ್ಲ. ನನಗೆ ಹೆದರಿಕೆ ಆಗುವುದು ಸೊನ್ನೆ ಕಂಡಾಗಲೇ.”

ಪೆನ್ನು ನನ್ನ ಕೈಯಲ್ಲಿ ಹಾಗೇ ನಿಂತಿತು. ಮೂಲ ಉತ್ತರಗಳ ಕಡತ ತೆರೆದೆ, ಮೂವತ್ತೊಂದನೆಯ ಅಂಕಣಕ್ಕೆ ಹೋದೆ. ಏಳನೆಯ ಸಾಲಿನಲ್ಲಿ ಹದಿನೇಳು. ಹೆಸರಿನ ಪಟ್ಟಿಯ ಬೀಗ ತೆಗೆಯುವ ಅಗತ್ಯವೇ ಇರಲಿಲ್ಲ.

ಲೆಕ್ಕವನ್ನು ಬೇರೆಯಾಗಿ ಮಾಡಿ ನೋಡಿದೆ. ಖಾಲಿ ಬಿಟ್ಟದ್ದನ್ನು ಸೊನ್ನೆಯೆಂದು ಎಣಿಸದೆ, ಪತ್ತೆಯಾದ ತಪ್ಪನ್ನು ದಾಖಲಿಸಿ ಕ್ರಮ ಕೈಗೊಂಡದ್ದಕ್ಕೆ ಅಂಕ ಕೊಟ್ಟೆ. ಒಂಬತ್ತನೆಯ ಸ್ಥಾನದ ಬ್ಯಾಂಕು ಮೂರಕ್ಕೆ ಬಂತು. ಅಂದರೆ ಆಯ್ಕೆಯಾಗುತ್ತಿತ್ತು. ಸಹೋದ್ಯೋಗಿಯನ್ನು ಕರೆದು ಪರದೆ ತೋರಿಸಿದೆ.

“ಅಯ್ಯೋ ರಾಮಾ,” ಎಂದ. ಆಮೇಲೆ ದನಿ ತಗ್ಗಿಸಿ, “ಈಗ್ ಹೇಳಿದ್ರೆ ಏನಾಗತ್ತೆ ಯೋಚ್ನೆ ಮಾಡಿ. ಐದ್ ಜನ ಓಕೆ ಅಂದಿದಾರೆ. ನಾಳೆ ನಿಧಿಯವ್ರು ಬರ್ತಿದಾರೆ. ಬುಚೋ ಮರ್ಯಾದೆ ಹೋಗತ್ತೆ. ನಿಮ್ ಪ್ರಮೋಷನ್ ಬೇರೆ ಪೆಂಡಿಂಗ್ ಇದೆ. ನೆಕ್ಸ್ಟ್ ರೌಂಡ್‌ನಲ್ಲಿ ಸೈಲೆಂಟಾಗಿ ಫಿಕ್ಸ್ ಮಾಡೋಣ ಬಿಡಿ.”

“ಪಾಪ ಆ ಹೆಂಗಸು ನನ್ನ ಮಾತು ನಂಬಿ ಬರೆದಿದಾರೆ ಕಣೋ.”

“ಗೊತ್ತು. ಆದ್ರೂ.”

ಅವನನ್ನು ದೂರಲು ಈ ಮಾತು ಬರೆಯುತ್ತಿಲ್ಲ. ಅವನು ಹೇಳಿದ್ದು ನಾನು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದ ಮಾತನ್ನೇ. ನಾಲ್ಕು ಗಂಟೆಗೆ ಚೀಟಿ ಸಂಗ್ರಹಿಸಲು ಬಂದರು. ನನ್ನ ಚೀಟಿಯಲ್ಲಿ ಬರೆದೆ: ‘ಕಾಫಿ ಲೋಟವನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟಿದ್ದೆ. ಚೆಲ್ಲಬಹುದಿತ್ತು. ಇನ್ನು ಮುಂದೆ ಮುಚ್ಚಳವಿರುವ ಲೋಟ ಬಳಸುತ್ತೇನೆ.’

ವಿಶೇಷ ಸಭೆಯಾದ್ದರಿಂದ ಶನಿವಾರವೇ ಎಲ್ಲರೂ ಬಂದರು. ನಾನು ಹನ್ನೆರಡು ನಿಮಿಷ ಮಾತಾಡಿದೆ. ಮುಗಿದ ಮೇಲೆ ಬುಚೋ ನನ್ನ ಕಡೆ ತಿರುಗಿ, “ಸೇರಿಸುವುದು ಏನಾದರೂ ಇದೆಯೇ?” ಎಂದು ಕೇಳಿದರು. ಬರೀ ಔಪಚಾರಿಕ ಪ್ರಶ್ನೆ, ಆದರೂ ಬಾಗಿಲು ತೆರೆದೇ ಇತ್ತು.

“ಇಲ್ಲ,” ಎಂದೆ.

ಅದೇ ಮಧ್ಯಾಹ್ನ ಮಗಳ ಜೊತೆ ಫುನಾಬೊರಿಯ ಇಂಡಿಯನ್ ಅಂಗಡಿಯಿಂದ ಬೇಳೆ ತರಲು ಹೊರಟಾಗ ಸ್ಟೇಷನ್ನಿನ ಟಿಕೆಟ್ ಗೇಟಿಗೆ ಕಾರ್ಡ್ ತಾಗಿಸದೆ ನುಗ್ಗಿದೆ. ಅದು ಕೀಂಯ್ ಎಂದು ಮುಚ್ಚಿಕೊಂಡಿತು. “ಸುಮಿಮಾಸೆನ್, ಸುಮಿಮಾಸೆನ್,” ಎಂದು ತಲೆ ಬಗ್ಗಿಸಿದೆ. “ಅಮ್ಮಾ, ಯು ಆರ್ ಸೇಯಿಂಗ್ ಸಾರಿ ಟು ಅ ಮೆಷಿನ್,” ಎಂದು ಹನ್ನೊಂದು ವರ್ಷದ ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಹೇಳಬೇಕಾದ ಕಡೆ ಬಾರದ ಮಾತು ಗೇಟಿನ ಮುಂದೆ ಎಷ್ಟು ಸಲೀಸಾಗಿ ಬಂತು ಎಂದು ಆಮೇಲೆ ಅಂಗಡಿಯಲ್ಲಿ ನಿಂತಾಗ ಅನ್ನಿಸಿ ಅಲ್ಲೇ ಕಣ್ಣು ತುಂಬಿತು.

ಫಲಿತಾಂಶದ ಪತ್ರಗಳು ಹೋದವು. ಆ ಅಧಿಕಾರಿಣಿಯಿಂದ ಇಮೇಲ್ ಬಂತು. ಬೇಸರದ ಒಂದು ಪದವಿರಲಿಲ್ಲ. ‘ಯಾವ ವಿಷಯದಲ್ಲಿ ನಾವು ಸುಧಾರಿಸಬೇಕು ಎಂದು ತಿಳಿಸಿದರೆ ಉಪಕಾರವಾಗುತ್ತದೆ’ ಎಂದು ಕೇಳಿದ್ದರು. ಅಂಕದ ವಿವರವನ್ನು ಅರ್ಜಿದಾರರಿಗೆ ಹೇಳುವಂತಿಲ್ಲ ಎಂಬುದು ನಿಧಿಯ ನಿಯಮ. ಅದಕ್ಕೊಂದು ಸಿದ್ಧ ಉತ್ತರವಿತ್ತು, ಅದನ್ನೇ ಅಂಟಿಸಿ ಕಳಿಸಿದೆ.

ಎರಡು ತಿಂಗಳ ಮೇಲೆ ಇನ್ನೊಂದು ಇಮೇಲ್. ಈ ಸಲ ಏನನ್ನೂ ಕೇಳಿರಲಿಲ್ಲ. ಆಯ್ಕೆಯಾದ ಬ್ಯಾಂಕೊಂದು ಆ ಪ್ರಶ್ನೆಗೆ ಸೊನ್ನೆ ಬರೆದಿತ್ತೆಂದು ಅವರ ನಿರ್ದೇಶಕರಿಗೆ ಯಾರ ಮೂಲಕವೋ ತಿಳಿದಿತ್ತು. ಹಸಿರು ಪುಸ್ತಕಗಳನ್ನು ಎಲ್ಲ ಶಾಖೆಗಳಿಂದಲೂ ತರಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದರಂತೆ. ‘ನೀವು ಆ ಪುಸ್ತಕವನ್ನು ಮೆಚ್ಚಿಕೊಂಡಿದ್ದಿರಿ, ಆದ್ದರಿಂದ ತಿಳಿಸಬೇಕು ಅನ್ನಿಸಿತು’ ಎಂದು ಮುಗಿಸಿದ್ದರು.

ಅಲ್ಲಿಯವರೆಗೆ ನಾನು ಒಂದು ಬ್ಯಾಂಕಿಗೆ ಸಲ್ಲಬೇಕಾದದ್ದನ್ನು ತಪ್ಪಿಸಿದೆ ಎಂದಷ್ಟೇ ತಿಳಿದಿದ್ದೆ. ಆರು ವರ್ಷ ಕಷ್ಟಪಟ್ಟು ಅವರು ಕಟ್ಟಿದ ಒಳ್ಳೆಯ ಪದ್ಧತಿಯೊಂದನ್ನು, ಗುಣಮಟ್ಟ ಅಳೆಯುತ್ತೇನೆಂದು ಹೊರಟ ನಾನು ಶಿನಾಗಾವಾದಲ್ಲಿ ಕೂತೇ ಮುರಿದು ಹಾಕಿದ್ದೆ. ಇನ್ನು ಸುಮ್ಮನಿರಲು ಆಗಲಿಲ್ಲ. ಹಿಯಾರಿ-ಹತ್ತೋ ಚೀಟಿಯೊಂದನ್ನು ತೆಗೆದುಕೊಂಡು ಎಲ್ಲವನ್ನೂ ಬರೆದು, ಎರಡು ಕೋಷ್ಟಕಗಳನ್ನು ಲಗತ್ತಿಸಿ ಬುಚೋ ಮೇಜಿಗೆ ಹೋದೆ.

ಅವರು ಎರಡು ಸಲ ಓದಿದರು. ಕೇಳಿದ್ದು ಒಂದೇ ಪ್ರಶ್ನೆ.

“ಇದು ನಿಮಗೆ ಯಾವಾಗ ತಿಳಿಯಿತು?”

ಈಗ ತಿಳಿಯಿತು ಎಂದಿದ್ದರೆ ನಡೆದುಹೋಗುತ್ತಿತ್ತು. ಬಾಯಿ ಆ ಕಡೆಗೇ ಎಳೆಯುತ್ತಿತ್ತು. “ಸಭೆಯ ಹಿಂದಿನ ದಿನ,” ಎಂದೆ.

ಬುಚೋ ಬೈಯಲಿಲ್ಲ. ಮೇಜಿನ ಡ್ರಾಯರ್ ತೆಗೆದು ನನ್ನ ಹಳೆಯ ಚೀಟಿಗಳ ಕಟ್ಟನ್ನು ಹುಡುಕಿ, ಕಾಫಿ ಲೋಟದ ಚೀಟಿಯನ್ನು ಹೊರಗೆ ತೆಗೆದು ಹೊಸ ಚೀಟಿಯ ಪಕ್ಕ ಇಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾರನೆಯ ದಿನವೇ ನನ್ನನ್ನು ಕರೆದುಕೊಂಡು ನಿಧಿಯ ಕಚೇರಿಗೆ ಹೋದರು. ಅಲ್ಲಿ ಅವರು ಸೊಂಟ ಬಗ್ಗಿಸಿ ನಿಂತರು, ಪಕ್ಕದಲ್ಲಿ ನಾನೂ ಬಗ್ಗಿದೆ. ನನ್ನ ತಪ್ಪಿಗೆ ಅರವತ್ತರ ಹತ್ತಿರದ ಮನುಷ್ಯ ಅಷ್ಟು ಹೊತ್ತು ತಲೆ ತಗ್ಗಿಸಿ ನಿಂತದ್ದನ್ನು ನೋಡಲಾರದೆ ನೆಲಹಾಸನ್ನೇ ನೋಡುತ್ತಿದ್ದೆ. ನಿಧಿಯ ಅಧಿಕಾರಿ ಮರ್ಯಾದೆಯಿಂದಲೇ ಹೇಳಿದರು: ಒಪ್ಪಂದಗಳಿಗೆ ಸಹಿ ಆಗಿದೆ, ಹಿಂದೆ ತೆಗೆಯಲು ಬರುವುದಿಲ್ಲ. ಸೂತ್ರವನ್ನು ಮುಂದಿನ ಸುತ್ತಿಗೆ ಸರಿಪಡಿಸಿ. ಅರ್ಜಿದಾರರ ಜೊತೆ ಈ ಬಗ್ಗೆ ಮಾತು ಬೇಡ. ನನ್ನ ಬಡ್ತಿ ಒಂದು ವರ್ಷ ಮುಂದಕ್ಕೆ ಹೋಯಿತು. ಅದು ಸರಿಯಾಗಿಯೇ ಇತ್ತು.

ಸೂತ್ರವನ್ನು ಈ ಸಲ ಕಣ್ಣಲ್ಲಿ ಕಣ್ಣಿಟ್ಟು ಬರೆದೆ. ತಪ್ಪನ್ನು ತಾವೇ ಕಂಡುಹಿಡಿದು ದಾಖಲಿಸುವ ಬ್ಯಾಂಕಿಗೆ ಅಂಕ ಹೆಚ್ಚು. ಆಧಾರವಿಲ್ಲದ ಸೊನ್ನೆಗೆ ಕಡಿತ. ಸಹೋದ್ಯೋಗಿಯೂ ಖಾಲಿ ಜಾಗಗಳನ್ನು ಒಂದೊಂದಾಗಿ ಕೈಯಿಂದಲೇ ನೋಡಿದ. ಮುಂದಿನ ವರ್ಷ ಅರ್ಜಿಗಳು ಬಂದಾಗ ನಾನು ಮೊದಲು ತೆರೆದದ್ದು ಸರೋವರದ ದಡದ ಬ್ಯಾಂಕಿನದು. ಉತ್ತರಗಳ ಕೆಳಗೆ ಅದೇ ಅಧಿಕಾರಿಣಿಯ ಸಹಿ. ಮೂವತ್ತೊಂದನೆಯ ಪ್ರಶ್ನೆಯ ಎದುರು ‘ಇಲ್ಲ’ ಎಂದಿತ್ತು.

ಸರಿಪಡಿಸಿದ ಸೂತ್ರ ಆ ‘ಇಲ್ಲ’ಕ್ಕೆ ಅಂಕ ಕಡಿದು ಅವರನ್ನು ಹತ್ತನೆಯ ಸ್ಥಾನಕ್ಕೆ ಇಳಿಸಿತು.

ಉತ್ತರಗಳ ಸ್ಪಷ್ಟನೆಗಾಗಿ ಒಂದು ಕರೆ ಮಾಡುವ ಅವಕಾಶ ಇತ್ತು. ಮಧ್ಯಾಹ್ನ ಮೂರಕ್ಕೆ ಮಾಡಿದೆ. ಅದೇ ಕನ್ನಡಕ, ಅದೇ ದಾರ. ಕುಶಲ ಕೇಳಿದರು. ನಾನು ಸುತ್ತಿ ಬಳಸಿ ಮೂವತ್ತೊಂದಕ್ಕೆ ಬಂದೆ. “ಇಲ್ಲ ಎಂದು ಬರೆದಿದ್ದೀರಿ. ಅದು ನಿಮ್ಮ ಖಚಿತವಾದ ಉತ್ತರವೇ?”

ಅವರು ಪೆನ್ನು ಕೈಗೆತ್ತಿಕೊಂಡರು. “ಹೋದ ಸಲ ಹದಿನೇಳು ಅಂದಿದ್ದೆ,” ಎಂದರು. ಕುಹಕವಾಗಲಿ ಕೋಪವಾಗಲಿ ಆ ದನಿಯಲ್ಲಿರಲಿಲ್ಲ. “ಈ ಸಲ ನಿಮಗೆ ಯಾವ ಉತ್ತರ ಬೇಕು ಹೇಳಿ, ಅದನ್ನೇ ಬರೆಯುತ್ತೇನೆ.”

ನಿಧಿಯ ನಿಯಮ ಮುರಿದೆ. ಹೋದ ವರ್ಷ ಏನಾಯಿತು, ಯಾರು ಮಾಡಿದ್ದು, ಮೂರನೆಯ ಸ್ಥಾನ ಹೇಗೆ ಒಂಬತ್ತಾಯಿತು, ಸಭೆಯಲ್ಲಿ ನಾನು ಏನು ಹೇಳಿದೆ, ಎಲ್ಲವನ್ನೂ ಹೇಳಿದೆ. ಕಾಫಿ ಚೀಟಿಯನ್ನೂ ಬಿಡಲಿಲ್ಲ. ಅವರ ಕಡೆ ಹೊರಗೆ ಯಾರೋ ಮೀನು ಕೂಗಿ ಮಾರುತ್ತಿದ್ದದ್ದು ಕೇಳಿಸುತ್ತಿತ್ತು.

“ಹಾಗಾದರೆ ಪುಸ್ತಕದ ತಪ್ಪಲ್ಲ,” ಎಂದರು ಕೊನೆಗೆ.

“ಅಲ್ಲ. ನನ್ನದು.”

“ಇದನ್ನು ಬರೆದು ಕೊಡುತ್ತೀರಾ? ಒಂದು ಪುಟ ಸಾಕು. ನಿರ್ದೇಶಕರಿಗೆ ತೋರಿಸಿದರೆ ಕಪಾಟಿನ ಬೀಗ ತೆಗೆಸಬಹುದು.”

ಅವರು ಹದಿನೇಳು ಪುಟ ಬರೆದು ಕೊಟ್ಟಿದ್ದರು. ನನ್ನಿಂದ ಕೇಳಿದ್ದು ಒಂದು. ನನ್ನ ಕಣ್ಣ ಮುಂದೆ ನಿಧಿಯ ಅಧಿಕಾರಿ ಬಂದರು, ಕಂಪನಿಯ ವಕೀಲರು ಬಂದರು, ನನ್ನ ವೀಸಾ, ಮಗಳ ಶಾಲೆ, ಬಗ್ಗಿ ನಿಂತ ಬುಚೋ ಎಲ್ಲರೂ ಬಂದರು.

“ಮೇಲಿನವರನ್ನು ಕೇಳಿ ತಿಳಿಸುತ್ತೇನೆ,” ಎಂದೆ.

“ಸರಿ,” ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು. “ಅಲ್ಲಿಯವರೆಗೆ ‘ಇಲ್ಲ’ ಎಂದೇ ಇರಲಿ.”

ಮೇಲಿನವರನ್ನು ನಾನಿನ್ನೂ ಕೇಳಿಲ್ಲ. ಆ ಒಂದು ಪುಟವನ್ನು ಇಲ್ಲಿ ಬರೆದಿದ್ದೇನೆ, ಅವರು ಓದಲಾರದ ಭಾಷೆಯಲ್ಲಿ.